ಹದಿನಾಲ್ಕನೆಯ ನಂಬರಿಗೆ ಆರು ಫೋನು

ಮನೆತುಂಬ ಆರು ಫೋನು ಹಾಕಿಸಿಕೊಂಡು, ಬರಬೇಕಾಗಿದ್ದ ಒಂದೇ ಒಂದು ಮಾತನ್ನು ಕೇಳಿಸಿಕೊಳ್ಳದೆ ಹೋದ ಗಂಡಸು ಇಡೀ ಗದಗ-ಬೆಟಗೇರಿಯಲ್ಲಿ ನಾನೊಬ್ಬನೇ. ಇದು ನನ್ನ ಹೆಂಡತಿ ಮಂಜುಳಾ ಬಂದವರಿಗೆಲ್ಲ ಹೇಳುವ ಮಾತು. ಚಹಾದ ಕಪ್ಪು ಅವರ ಕೈಗೆ ಹೋಗುವ ಮೊದಲೇ ಹೇಳಿ ಮುಗಿಸಿರುತ್ತಾಳೆ. ಆಕೆಯ ಬಾಯಿಂದ ಕೇಳಿದರೆ ನನ್ನ ಮೇಲೆ ನಿಮಗಿರುವ ಅಷ್ಟಿಷ್ಟು ಗೌರವವೂ ಹೋದೀತು. ಅದಕ್ಕೇ ನಾನೇ ಹೇಳುತ್ತೇನೆ. (ಮಾಲು ಕೆಟ್ಟಿದ್ದರೆ ಮಾರುವವನೇ ಮೊದಲು ಹೇಳಿಬಿಡಬೇಕು. ಕೊಳ್ಳುವವನಿಗೆ ಆಮೇಲೆ ಹೇಳಲು ಹೆಚ್ಚೇನೂ ಉಳಿಯುವುದಿಲ್ಲ.)

ನನ್ನದು ಒಣಮೆಣಸಿನಕಾಯಿ ವ್ಯಾಪಾರ. ಮುಂದೆ ಅಂಗಡಿ, ಅದರ ಹಿಂದೆ ಮನೆ, ಮನೆಯ ಹಿಂದೆ ಕಾಯಿ ಒಣಹಾಕುವ ಹಿತ್ತಲು. ಅಂಗಡಿಯ ಗೋಡೆಯ ಮೇಲೆ ಅಪ್ಪನ ಕಾಲದ ಫೋನ್ ಪೆಟ್ಟಿಗೆಯೊಂದಿದೆ. ಹೊರಗಿನಿಂದ ಅದಕ್ಕೆ ಬರುವ ಲೈನು ಒಂದೇ. ಒಳಗೆ ಅದು ನಾಲ್ಕು ಎಕ್ಸ್‌ಟೆನ್ಶನ್ನಾಗಿ ಒಡೆಯುತ್ತದೆ: ಹನ್ನೊಂದು ನನ್ನ ಗಾದಿಗೆ, ಹನ್ನೆರಡು ಗುಮಾಸ್ತ ಪಾಂಡುರಂಗರಾಯರಿಗೆ, ಹದಿಮೂರು ಗೋದಾಮಿಗೆ, ಹದಿನಾಲ್ಕು ಮನೆಗೆ. ಮೊಬೈಲು ಬಂದ ಮೇಲೆ ಈ ಪೆಟ್ಟಿಗೆಗೆ ಉಳಿದ ಕೆಲಸ ಒಂದೇ. ಮಧ್ಯಾಹ್ನ ಹದಿನಾಲ್ಕರಿಂದ ಹನ್ನೊಂದಕ್ಕೆ ಒಂದು ಕರೆ ಬರುತ್ತದೆ: "ಉಣ್ಣಾಕ ಬರ್ತೀರೋ, ತಗದು ದನಕ್ಕ ಇಡ್ಲೋ?"

ನನಗೊಬ್ಬ ಅಣ್ಣನಿದ್ದಾನೆ, ಮಾಳಿಂಗರಾಯ. ಮುಂಡರಗಿಯ ಅಂಗಡಿ ಅವನದು. ಅಪ್ಪ ಇದ್ದಾಗ ಎರಡೂ ಅಂಗಡಿ ಒಂದೇ ಆಗಿದ್ದವು. ಆಗ ಅಣ್ಣನಿಗೆ ವ್ಯಾಪಾರದ ಜೊತೆ ಇನ್ನೊಂದು ಕೆಲಸವಿತ್ತು. ಕಾಯಿ ಒಣಗುವ ದಿನಗಳಲ್ಲಿ ಮಾಳಿಗೆ ಹತ್ತಿ ಕಪ್ಪತಗುಡ್ಡದ ಕಡೆ ನೋಡುವುದು. ಗುಡ್ಡದ ಮೇಲೆ ಮೋಡ ಕಟ್ಟಿ ಗದಗಿನ ಕಡೆ ವಾಲಿದರೆ ಇಲ್ಲಿಗೆ ಫೋನು ಹಚ್ಚುವುದು: "ಕಾಯಿ ಒಳಗ ತಗೋರಿ." ಮೋಡ ಮೂವತ್ತಾರು ಕಿಲೋಮೀಟರು ನಡೆದು ಬರುವುದರೊಳಗೆ ನಾವು ಹಿತ್ತಲು ಖಾಲಿ ಮಾಡುತ್ತಿದ್ದೆವು. ಹಾಗೆ ಅವನು ಉಳಿಸಿದ ಕಾಯಿಗೆ ಲೆಕ್ಕವಿಲ್ಲ. ಹಾಗೆಯೇ, ಸುಮ್ಮನೆ ನಮ್ಮನ್ನು ಓಡಾಡಿಸಿದ ದಿನಗಳಿಗೂ.

ಒಂಬತ್ತು ವರ್ಷದ ಹಿಂದೆ, ಅಪ್ಪ ತೀರಿಕೊಂಡ ವರ್ಷ, ಅಂಗಡಿಯಲ್ಲಿ ಖರೀದಿದಾರರು ಕುಳಿತಿದ್ದಾಗ ಅವನ ಫೋನು ಬಂತು. ಆಕಾಶ ತೊಳೆದಿಟ್ಟ ತಾಟಿನ ಹಾಗಿತ್ತು. ನಾನು ರಿಸೀವರು ಕೈಯಲ್ಲಿ ಹಿಡಿದೇ ಎಲ್ಲರಿಗೂ ಕೇಳುವಂತೆ, "ಹವಾಮಾನ ಇಲಾಖಿ ಫೋನ್ ಬಂದೈತ್ರಿ. ಹಪ್ಪಳ ಇದ್ರ ಒಣಹಾಕ್ರಿ, ಇವತ್ತ ಬಿಸಲ ಗ್ಯಾರಂಟಿ" ಎಂದೆ. ಎಂಟು ಜನ ಒಟ್ಟಿಗೆ ನಕ್ಕರು. ಆ ನಗು ತಂತಿಯಲ್ಲಿ ಮುಂಡರಗಿಗೆ ಹೋಯಿತು. ಅಣ್ಣ "ಆತು" ಎಂದು ಇಟ್ಟ.

ಅವತ್ತು ಮಳೆ ಬರಲಿಲ್ಲ. ಬಂದಿದ್ದರೆ ಒಳ್ಳೆಯದಾಗುತ್ತಿತ್ತು, ನಾನೇ ಹೋಗಿ ಕಾಲು ಹಿಡಿಯುತ್ತಿದ್ದೆ. ಬಾರದ್ದರಿಂದ ನಾನು ಗೆದ್ದವನಾದೆ. ಗೆದ್ದವನು ತಾನಾಗಿ ಹೋಗಿ ಮಾತಾಡಿಸುವ ಪದ್ಧತಿ ನಮ್ಮ ದಂಧೆಯಲ್ಲಿಲ್ಲ. ಅವನೂ ಮತ್ತೆ ಫೋನು ಮಾಡಲಿಲ್ಲ. ಅಂಗಡಿಗಳು ಬೇರೆಯಾದವು. ಒಂಬತ್ತು ಸುಗ್ಗಿ ಹೀಗೇ ಕಳೆದವು. ನಮ್ಮಿಬ್ಬರ ನಡುವೆ ಉಳಿದ ತಂತಿ ಅಂದರೆ ಮಂಜುಳಾ ಮತ್ತು ಅಣ್ಣನ ಹೆಂಡತಿ ಚನ್ನಮ್ಮ ವೈನಿ. ನೆಗೆಣ್ಣಿಯರಿಬ್ಬರೂ ಗಂಡಂದಿರಿಗೆ ತಿಳಿಯದ ಹಾಗೆ (ಅಂದರೆ ಗಂಡಂದಿರು ಪಕ್ಕದ ಕೋಣೆಯಲ್ಲಿ ಕಿವಿಗೊಟ್ಟು ಕುಳಿತಿರುವಾಗ) ಮೊಬೈಲಿನಲ್ಲಿ ಮಾತಾಡಿಕೊಳ್ಳುತ್ತಿದ್ದರು.

ಹೋದ ಮಾರ್ಚಿನ ಒಂದು ಗುರುವಾರ ಮಂಜುಳಾ ಊಟಕ್ಕೆ ಬಡಿಸಿ, ಎಂದಿನಂತೆ ಬೈಯದೆ ಎದುರಿಗೆ ಕುಳಿತಳು. ನನಗೆ ಗಾಬರಿಯಾಯಿತು.

"ಭಾವಾರ ಗಂಟಲದಾಗ ಗಡ್ಡಿ ಆಗೈತಂತ. ಸೋಮವಾರ ಹುಬ್ಬಳ್ಳ್ಯಾಗ ಆಪರೇಶನ್. ಧ್ವನಿ ಪೆಟ್ಟಗಿನ ತಗೀತಾರಂತ."

ಬಾಯಲ್ಲಿದ್ದ ರೊಟ್ಟಿಯನ್ನು ಏನು ಮಾಡಬೇಕೆಂದು ತಿಳಿಯಲಿಲ್ಲ.

"ಅಂದ್ರ?"

"ಅಂದ್ರ ಏನ್ ಅಂದ್ರ? ಸೋಮವಾರದಿಂದ ಅವರು ಮಾತಾಡಂಗಿಲ್ಲ. ಅದಕ್ಕ ರವಿವಾರದೊಳಗ ನಿಮಗ ಫೋನ್ ಮಾಡ್ತಾರಂತ. ವೈನಿ ಹೇಳಿದ್ರು."

"ನನ್ನ ಮೊಬೈಲ್ ನಂಬರ ಕೊಟ್ಟೀಯೇನು?"

"ಬ್ಯಾಡಂದ್ರಂತ. ಮೊಬೈಲದಾಗ ನನ್ನ ಹೆಸರ ನೋಡಿ ಅಂವ ಎತ್ತಲಿಲ್ಲಂದ್ರ ಅದ ಚಿಂತಿ ಹೊತಗೊಂಡು ಆಪರೇಶನ್ ಮ್ಯಾಜಿನ ಮ್ಯಾಲ ಮಲಗಬೇಕಾಗ್ತೈತಿ, ಅಪ್ಪನ ನಂಬರಿಗೆ ಮಾಡ್ತೀನಿ, ಅಲ್ಲೆ ಯಾರು ಅಂತ ತಿಳಿಯೂ ಮೊದಲ ಎತ್ತಬೇಕಾಗ್ತೈತಿ ಅಂದ್ರಂತ." ಆಕೆ ಸೆರಗಿನಿಂದ ಮೂಗು ಒರೆಸಿಕೊಂಡಳು. "ನೋಡ್ರಿ, ಫೋನ್ ಯಾತಕ್ಕ? ನಾಳೆ ಮುಂಜಾನೆ ಬಸ್ಸಿಗೆ ಹೋಗಿಬಿಡ್ರಿ. ತಾಸಿನ ದಾರಿ."

"ಅಂವ ಫೋನ್ ಮಾಡ್ತೀನಿ ಅಂದಾನ. ಮಾಡ್ಲಿ. ನಾ ಹೋದ್ರ ಅವನ ಮಾತ ಮುರಿದಂಗ ಆಗೂದಿಲ್ಲೇನು?"

"ಒಂಬತ್ತ ವರ್ಷ ಆತು, ಇನ್ನೂ ಗಾದಿ ಮ್ಯಾಲ ಕುಂತಂಗನ ಮಾತಾಡ್ತೀರಿ" ಎಂದು ಆಕೆ ತಾಟು ಎತ್ತಿಕೊಂಡು ಹೋದಳು. ನಾನಿನ್ನೂ ಮಜ್ಜಿಗೆ ಉಂಡಿರಲಿಲ್ಲ.

ಇಲ್ಲಿಂದ ಮುಂದಿನದೆಲ್ಲ ನನ್ನ ಬುದ್ಧಿವಂತಿಕೆ. ಮನೆಯ ಫೋನು ಇರುವುದು ಪಡಸಾಲೆಯಲ್ಲಿ. ಅದರ ಮುಂದೆ ಮೂರು ದಿನ ಕುಳಿತರೆ ನಾನು ಅಣ್ಣನ ಧ್ವನಿಗಾಗಿ ಕಾಯುತ್ತಿದ್ದೇನೆಂದು ಮನೆಗೆಲ್ಲ ಗೊತ್ತಾಗುತ್ತದೆ. ಕಾಯುತ್ತಿರುವುದನ್ನು ತೋರಿಸಿಕೊಂಡವನಿಗೆ ಪೇಟೆಯಲ್ಲಿ ದರ ಸಿಕ್ಕುವುದಿಲ್ಲ. ಆದರೆ ಕೂರದೆ ಹೋದರೆ ಫೋನು ಬಂದಾಗ ನಾನು ಮಾಳಿಗೆಯ ಮೇಲೋ ಹಿತ್ತಲಲ್ಲೋ ಇದ್ದುಬಿಡಬಹುದು. ಇದಕ್ಕೆ ಪರಿಹಾರವೆಂದರೆ ನಾನು ಎಲ್ಲಿರುತ್ತೇನೋ ಅಲ್ಲೆಲ್ಲ ಫೋನೂ ಇರುವುದು. ಅಪ್ಪ ಹಳೆಯ ಸಾಮಾನು ಎಸೆದವನಲ್ಲ. ಅಟ್ಟದಲ್ಲಿ ಬೆರಳು ಹಾಕಿ ತಿರುಗಿಸುವ ಎರಡು ಕರಿ ಫೋನು, ಗುಂಡಿಯ ಎರಡು ಫೋನು ಮತ್ತು ಒಂದು ಫ್ಯಾಕ್ಸ್ ಯಂತ್ರ ಇದ್ದವು. ಧೂಳು ಝಾಡಿಸಿ ಇಲಿಯಾಸನಿಗೆ ಹೇಳಿಕಳಿಸಿದೆ.

ಇಲಿಯಾಸ ಫೋನ್ ಪೆಟ್ಟಿಗೆಗಳ ವೈದ್ಯ. ಊರಲ್ಲಿ ಈಗ ಆ ರೋಗಿಗಳೇ ಕಡಿಮೆಯಾಗಿ, ಸಿಸಿ ಕ್ಯಾಮೆರಾ ಹಾಕಿಕೊಡುವ ಕೆಲಸ ಹಿಡಿದಿದ್ದಾನೆ. ನನ್ನ ಯೋಜನೆ ಕೇಳಿ ತಲೆ ಕೆರೆದುಕೊಂಡ.

"ಸಾವಕಾರ್ರ, ಇವೆಲ್ಲಾ ಹದಿನಾಲ್ಕಕ್ಕನ?"

"ಹೂಂ. ರವಿವಾರ ಅಂಗಡಿ ಬಂದ್ ಇರ್ತೈತಿ, ಹೊರಗಿನ ಫೋನ್ ಸೀದಾ ಹದಿನಾಲ್ಕಕ್ಕ ಬರ್ತೈತಿ. ಶನಿವಾರನೂ ಹಂಗ ಮಾಡು."

"ಒಂದು ಎಕ್ಸ್‌ಟೆನ್ಶನ್ನಿಗೆ ಎರಡ ಹಾಕಬಹುದು, ಭಾಳಂದ್ರ ಮೂರು. ಗಂಟಿ ಬಾರಿಸಾಕ ಪೆಟ್ಟಗಿ ಕೊಡೂ ಕರೆಂಟ್ ಇಷ್ಟ ಅಂತ ಇರ್ತೈತ್ರಿ. ಆರ ಮಂದಿಗೆ ಒಂದ ಕಪ್ ಚಹಾ ಹಂಚಿದಂಗ ಆಕ್ಕೈತಿ. ಎಲ್ಲಾರೂ ಒಮ್ಮಿಗೆ ಎತ್ತಿದ್ರಂತೂ ಧ್ವನಿನೂ ಹಂಗ."

ನಾನು ನಕ್ಕೆ. ಮೂರಾಗುತ್ತದೆ ಅನ್ನುವವನ ಹತ್ತಿರ ಆರು ಮಾಡಿಸಿಕೊಳ್ಳದಿದ್ದರೆ ನಾನು ಮೂವತ್ತು ವರ್ಷ ವ್ಯಾಪಾರ ಮಾಡಿದ್ದಾದರೂ ಯಾಕೆ?

ಶುಕ್ರವಾರ ಸಂಜೆಯೊಳಗೆ ತಂತಿ ಎಳೆದಾಯಿತು. ಪಡಸಾಲೆಯದು ಮೊದಲೇ ಇತ್ತು. ಅಡುಗೆಮನೆಯಲ್ಲಿ ಒಂದು. ದೇವರ ಕೋಣೆಯಲ್ಲಿ ಒಂದು. ಮಾಳಿಗೆಗೆ ಒಂದು. ಹಿತ್ತಲ ಬೇವಿನ ಗಿಡಕ್ಕೆ ಮೊಳೆ ಹೊಡೆದು ಒಂದು ಕರಿ ಫೋನು. ಫ್ಯಾಕ್ಸ್ ಯಂತ್ರವನ್ನು ಬಚ್ಚಲ ಬಾಗಿಲ ಹೊರಗೆ ಸ್ಟೂಲಿನ ಮೇಲೆ ಇಟ್ಟೆವು. ಅಪ್ಪನ ತಂಗಿ ಫಕ್ಕೀರವ್ವ ಅತ್ತಿ ನಮ್ಮಲ್ಲೇ ಇರುವವಳು. ಆಕೆ ಅದಕ್ಕೂ ಒಂದು ವಿಭೂತಿಪಟ್ಟೆ ಎಳೆದಳು.

ಇಲಿಯಾಸ ತನ್ನ ಮೊಬೈಲಿನಿಂದ ಪರೀಕ್ಷೆಗೆ ಫೋನು ಹಚ್ಚಿದ. ಬೇವಿನ ಗಿಡ ಮಾತಾಡಲಿಲ್ಲ. ಮಾಳಿಗೆ ಮಾತಾಡಲಿಲ್ಲ. ಪಡಸಾಲೆಯಲ್ಲಿ ಮಾತ್ರ ಹಲ್ಲಿ ಲೊಚಗುಟ್ಟಿದ ಹಾಗೆ ಒಂದು ಸಪ್ಪಳ ಬಂತು. ಅಡುಗೆಮನೆಯಲ್ಲಿ ಅದರ ಅರ್ಧ.

"ನಾ ಹೇಳಿದ್ನೆಲ್ರಿ" ಎಂದ ಇಲಿಯಾಸ. "ಮೂರ ತಗದುಬಿಡ್ಲೇನು?"

ಮಂಜುಳಾ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದಳು. ನಾನು ಸೋತೆನೆಂದು ಆಕೆಯ ಮುಖದಲ್ಲಿದ್ದ ಸಮಾಧಾನವನ್ನು ನೋಡಿ, ತೆಗೆಯುವುದು ನನ್ನಿಂದಾಗಲಿಲ್ಲ. "ಇರಲಿ. ಗಂಟಿ ಸಣ್ಣದಾದ್ರ ಕಿವಿ ದೊಡ್ಡವು ಮಾಡೂಣು" ಎಂದೆ. ಹೀಗೆ ಗುಟ್ಟಾಗಿ ಕಾಯುವುದಕ್ಕೆಂದು ಮಾಡಿದ ವ್ಯವಸ್ಥೆಯಲ್ಲಿ ಇಡೀ ಮನೆಯೇ ಬಹಿರಂಗವಾಗಿ ಕಾಯುವುದಕ್ಕೆ ಕುಳಿತಿತು. ಅಖಂಡ ದೂರವಾಣಿ ಜಾಗರಣ ಸಮಿತಿಯೊಂದು ರಚನೆಯಾಯಿತು. ದೇವರ ಕೋಣೆಗೆ ಅತ್ತಿ, ಅಡುಗೆಮನೆಗೆ ಮಂಜುಳಾ, ಪಡಸಾಲೆಗೆ ಪಾಂಡುರಂಗರಾಯರು (ರಜೆಯ ದಿನವೂ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಬಂದಿದ್ದರು), ಮಾಳಿಗೆಗೆ ಇಲಿಯಾಸ. ಫ್ಯಾಕ್ಸ್ ಯಂತ್ರಕ್ಕೆ ಯಾರೂ ಸಿಗಲಿಲ್ಲ. ಯಾರಿಗೆ ಸಪ್ಪಳ ಕೇಳಿದರೂ ಎತ್ತಿ ನನ್ನನ್ನು ಕೂಗಬೇಕು, ಉಳಿದವರು ಮುಟ್ಟಬಾರದು ಎಂಬುದು ನಿಯಮ.

ಶನಿವಾರ ಹತ್ತು ಗಂಟೆಗೆ ಲೊಚಲೊಚ ಎಂದಿತು. ಐದೂ ಫೋನು ಎತ್ತಲ್ಪಟ್ಟವು.

"ಹಲೋ."

"ಹಲೋ, ಯಾರ್ರಿ?"

"ನಾನ್ರಿ, ಪಾಂಡುರಂಗ. ತಾವು ಯಾರು?"

"ಯಪ್ಪಾ ಮಾಳಿಂಗಾ..."

"ಅತ್ತೀ, ನಾನು, ಹೊನ್ನೇಶ."

ಅದು ನಿಜವಾದ ಹಲ್ಲಿ. ಪಡಸಾಲೆಯ ಟ್ಯೂಬ್‌ಲೈಟಿನ ಹಿಂದಿತ್ತು. ಅವತ್ತು ಅದು ನಮ್ಮನ್ನು ನಾಲ್ಕು ಸಲ ಕರೆಯಿತು. ನಾಲ್ಕೂ ಸಲ ನಾವು ಓಗೊಟ್ಟೆವು. ಸಂಜೆ ಅತ್ತಿ, "ಇಷ್ಟ ದಿನದಾಗ ನೀವ ಗಂಡ ಹೆಂಡತಿ ಇಷ್ಟ ಮಾತಾಡಿದ್ದ ನಾ ಕೇಳಿದ್ದಿಲ್ಲ ಬಿಡು" ಎಂದಳು.

ಶನಿವಾರ ಅಣ್ಣನ ಫೋನು ಬರಲಿಲ್ಲ. ಅಥವಾ ಬಂದು, ಹಲ್ಲಿ ಎಂದುಕೊಂಡು ಬಿಟ್ಟೆವೋ, ಗೊತ್ತಿಲ್ಲ.

ರವಿವಾರ ಮೂರು ಗಂಟೆಯ ಹೊತ್ತಿಗೆ ನಾನು ಹಿತ್ತಲಲ್ಲಿದ್ದೆ. ಕಾಯಿ ಹರವಿದ್ದೆವು. ಗೋಡೆಯಿಂದ ಗೋಡೆಯವರೆಗೆ ಕೆಂಪು ಜಮಖಾನೆ ಹಾಸಿದಂತಿತ್ತು. ನಾನು ಆಕಾಶ ನೋಡಲಿಲ್ಲ. ಒಂಬತ್ತು ವರ್ಷದಿಂದ ನೋಡುವುದನ್ನು ಬಿಟ್ಟಿದ್ದೆ. ನೋಡಿದರೆ ಅವನ ನೆನಪಾಗುತ್ತಿತ್ತು. ಬೇವಿನ ಗಿಡದ ಫೋನನ್ನು ಸುಮ್ಮನೆ ಎತ್ತಿ ಕಿವಿಗೆ ಹಿಡಿದೆ. ದಿನದಲ್ಲಿ ನಲವತ್ತು ಸಲ ಹಾಗೆ ಮಾಡುತ್ತಿದ್ದೆ. ಒಳಗೆ ಡಯಲ್‌ಟೋನು ಇರಲಿಲ್ಲ. ಜಾತ್ರೆಯಿತ್ತು.

"ಹಲೋ, ನಮಸ್ಕಾರ್ರಿ, ಇದು ಹೊನ್ನೇಶ ಸಾವಕಾರರ ಮನಿ ಅದ, ತಮಗ ಯಾರು ಬೇಕಾಗಿತ್ತು?"

"ಮಾಳಿಂಗಾ, ಯಪ್ಪಾ, ನಾನೋ ನಿಮ್ಮತ್ತಿ. ಗಂಟಲಕ್ಕ ಅರಿಶಿಣ ಹಾಲ ಕುಡಿಯಬೇಕಿಲ್ಲೋ..."

"ಭಾವಾರ, ತಡೀರಿ, ಇವರ್ನ ಕರೀತೀನಿ. ರೀ... ಎಲ್ಲಿ ಅದಾರೋ ಯವ್ವಾ..."

"ಅಣ್ಣಾರ, ನೀವ ಮಾತಾಡ್ರಿ. ನೀವೆಲ್ಲಾ ಇಡ್ರಿ, ಲೈನ್ ಸಣ್ಣ ಆಗ್ತೈತಿ." ಇದು ಇಲಿಯಾಸ.

ಈ ಎಲ್ಲದರ ಅಡಿಯಲ್ಲಿ, ಬಹಳ ದೂರದಲ್ಲಿ, ಬಾವಿಯೊಳಗಿನಿಂದ ಬಂದಂತೆ ಒಂದು ಒಡಕು ಧ್ವನಿಯಿತ್ತು. ಒಂದೇ ಮಾತನ್ನು ಮತ್ತೆ ಮತ್ತೆ ಹೇಳುತ್ತಿತ್ತು. ಅದು ಅವನದೇ. ಒಂಬತ್ತು ವರ್ಷವಾದರೂ, ಗಂಟಲಲ್ಲಿ ಗಡ್ಡೆ ಕೂತಿದ್ದರೂ, ಅವನದೇ. ಮಾತು ಮಾತ್ರ ತಿಳಿಯಲಿಲ್ಲ. ಅಪ್ಪನ ಆಸ್ತಿಯನ್ನು ಎರಡು ಪಾಲು ಮಾಡಿದ್ದೆವು. ಅಣ್ಣನ ಧ್ವನಿಯನ್ನು ನಾನು ಐದು ಪಾಲು ಮಾಡಿದ್ದೆ, ನನ್ನ ಪಾಲಿಗೆ ಬಂದದ್ದು ಅಷ್ಟು.

ನನಗೆ ತಡೆಯಲಾಗಲಿಲ್ಲ. ಇದ್ದಬದ್ದ ಗಂಟಲೆಲ್ಲ ಸೇರಿಸಿ, "ಎಲ್ಲಾರೂ ಫೋನ್ ಇಡ್ರಿ" ಎಂದು ಕೂಗಿದೆ.

ನಮ್ಮ ಮನೆಯಲ್ಲಿ ನನ್ನ ಮಾತನ್ನು ಎಲ್ಲರೂ ಒಟ್ಟಿಗೆ ಪಾಲಿಸಿದ್ದು ಅದೇ ಮೊದಲು. ದೇವರ ಕೋಣೆ ಇಟ್ಟಿತು, ಅಡುಗೆಮನೆ ಇಟ್ಟಿತು, ಪಡಸಾಲೆ "ಆಯ್ತ್ರಿ" ಎಂದು ಇಟ್ಟಿತು, ಮಾಳಿಗೆ ಇಟ್ಟಿತು. ಮುಂಡರಗಿಯೂ ಇಟ್ಟಿತು.

ಒಂಬತ್ತು ವರ್ಷದ ಮೇಲೆ ಅಣ್ಣನಿಗೆ ನಾನು ಹೇಳಿದ ಮಾತು ಅದು. ರಿಸೀವರನ್ನು ಕಿವಿಗೆ ಹಿಡಿದು ಎಷ್ಟು ಹೊತ್ತು ನಿಂತಿದ್ದೆನೋ. ಮಂಜುಳಾ ಬಂದು ಅದನ್ನು ನನ್ನ ಕೈಯಿಂದ ಬಿಡಿಸಿಕೊಂಡಳು. ಬೈಯುತ್ತಾಳೆಂದು ಕಾದೆ. ಬೈಯಲಿಲ್ಲ.

ತಿರುಗಿ ಫೋನು ಹಚ್ಚಿದೆವು. ಎತ್ತಲಿಲ್ಲ. ವೈನಿಯ ಮೊಬೈಲು ಬಂದ್ ಆಗಿತ್ತು. ಹುಬ್ಬಳ್ಳಿಗೆ ಹೊರಟಿರಬೇಕು ಎಂದರು ರಾಯರು. ಎಲ್ಲರನ್ನೂ ಪಡಸಾಲೆಯಲ್ಲಿ ಕೂರಿಸಿ, ಅವನು ಏನು ಹೇಳಿದ ಎಂದು ಒಬ್ಬೊಬ್ಬರನ್ನೇ ಕೇಳಿದೆ. ಯಾರೂ ನನ್ನ ಮುಖ ನೋಡಲಿಲ್ಲ.

"ಹೊನ್ಯಾ ಉಂಡಾನೇನು ಅಂತ ಕೇಳಿದ" ಎಂದಳು ಅತ್ತಿ.

"ಹಳೇದೆಲ್ಲಾ ಮರತೇನಿ ಅಂತ ಏನೋ ಅಂದಂಗಿತ್ತ್ರಿ" ಎಂದರು ರಾಯರು, ಕನ್ನಡಕ ಒರೆಸುತ್ತ.

ಮಂಜುಳಾ ಬಹಳ ಹೊತ್ತು ಯೋಚಿಸಿ, "ಬಾ ಅಂದ್ರು. ಅಷ್ಟ ಕೇಳಸ್ತು" ಎಂದಳು.

ಇಲಿಯಾಸನೊಬ್ಬ ಪ್ರಾಮಾಣಿಕ. "ನಂಗ ನನ್ನ ಧ್ವನಿ ಬಿಟ್ಟ ಏನೂ ಕೇಳಲಿಲ್ರಿ" ಎಂದ.

ಈ ಪಂಚಾಯಿತಿ ನಡೆದಿರುವಾಗ ಬೆಳಕು ಕಡಿಮೆಯಾಗಿದ್ದು ನಮ್ಮ ಲಕ್ಷ್ಯಕ್ಕೆ ಬರಲಿಲ್ಲ. ಮೊದಲು ತಗಡಿನ ಮೇಲೆ ಹಿಡಿಗಲ್ಲು ಎಸೆದಂತೆ ಸಪ್ಪಳವಾಯಿತು. ನಾವು ತಾಡಪತ್ರಿ ಹಿಡಿದು ಓಡುವುದರೊಳಗೆ ಹಿತ್ತಲು ಕೆರೆಯಾಗಿತ್ತು. ಕಾಯಿ ತೇಲುತ್ತಿದ್ದವು. ಗಟಾರದಲ್ಲಿ ಕೆಂಪು ನೀರು ಹರಿದು ಓಣಿಗೆ ಹೋಯಿತು. ಬೇವಿನ ಗಿಡದಲ್ಲಿ ಕರಿ ಫೋನು ತೊಯ್ದು ನೇತಾಡುತ್ತಿತ್ತು. ಅವತ್ತು ಆ ಮಳೆಯಲ್ಲಿ ಕಾಯಿ ಬಾಚುತ್ತ ನಾನು ಅತ್ತೆ. ಎಲ್ಲರೂ ಮಾಲು ಹೋಯಿತೆಂದು ಅಳುತ್ತಿದ್ದೇನೆ ಅಂದುಕೊಂಡರು. ಹಾಗೇ ಅಂದುಕೊಳ್ಳಲಿ ಎಂದು ನಾನೂ ಬಿಟ್ಟೆ.

ಆಪರೇಶನ್ ಆಗಿ ಹದಿನೈದು ದಿನಕ್ಕೆ ಅಣ್ಣ ಮುಂಡರಗಿಗೆ ಬಂದ ಸುದ್ದಿ ಬಂತು. ನಾನು ಬಸ್ಸು ಹತ್ತಿದೆ. ಮಂಜುಳಾ ಕೈಚೀಲವೊಂದನ್ನು ಕೊಟ್ಟು, "ಇದು ವೈನಿಗೆ" ಎಂದಳು. ನಾನು ಬಿಚ್ಚಿ ನೋಡಲಿಲ್ಲ. (ಬಿಚ್ಚಿ ನೋಡದೆ ಮಾಲು ಸಾಗಿಸಿದ್ದು ನನ್ನ ಜೀವಮಾನದಲ್ಲಿ ಅದೊಂದೇ ಸಲ.)

ಅಣ್ಣ ಮಂಚದ ಮೇಲೆ ಗೋಡೆಗೆ ಒರಗಿ ಕುಳಿತಿದ್ದ. ಅರ್ಧ ಆಗಿದ್ದ. ಕುತ್ತಿಗೆಗೆ ಬಿಳಿ ಬಟ್ಟೆ. ತೊಡೆಯ ಮೇಲೆ ಒಂದು ಪಾಟಿ, ಬಳಪ. ನನ್ನನ್ನು ನೋಡಿದ. ನಾನು ದಾರಿಯುದ್ದಕ್ಕೂ ಕಟ್ಟಿಕೊಂಡು ಬಂದಿದ್ದ ಮಾತೆಲ್ಲ ಬಾಗಿಲಲ್ಲೇ ಉಳಿದವು. ಕೊನೆಗೆ, "ಅಣ್ಣಾ, ನೀ ಬಾ ಅಂದ್ಯಂತ" ಎಂದೆ.

ಅವನು ಹುಬ್ಬು ಗಂಟಿಕ್ಕಿದ. ಬಳಪ ತೆಗೆದುಕೊಂಡು ನಿಧಾನವಾಗಿ ಬರೆದು ನನ್ನ ಕಡೆ ತಿರುಗಿಸಿದ.

"ಕಾಯಿ ತೊಯ್ದವೇನು?"

ನನಗೆ ತಿಳಿಯಲಿಲ್ಲ. ವೈನಿ ಚಹಾ ತಂದಿಟ್ಟು ಅಲ್ಲೇ ಕುಳಿತರು.

"ಅವತ್ತ ಹುಬ್ಬಳ್ಳಿಗೆ ಹೊಂಡೂ ಮುಂದ ಮಾಳಿಗಿ ಹತ್ತಿದ್ರು. ಬ್ಯಾಡಂದ್ರೂ ಕೇಳಲಿಲ್ಲ. ಇಳದು ಬಂದವ್ರು, ಗುಡ್ಡದ ಮ್ಯಾಲ ಕಪ್ಪ ಆಗೈತಿ, ಗದಗಿನ ಕಡೆ ಹೊಂಟೈತಿ ಅಂತ ಫೋನ್ ಹಚ್ಚಿದ್ರು. ನಾಳೆ ಧ್ವನಿ ಹೋಗ್ತೈತಿ, ತಮ್ಮಗ ಬ್ಯಾರೆ ಏನರ ಎರಡ ಮಾತ ಆಡ್ರಿ ಅಂದೆ. ಮೊದಲ ಕಾಯಿ ಒಳಗ ಹೋಗ್ಲಿ, ಆಮ್ಯಾಲ ಮಾತು ಅಂದ್ರು. ನಾಕೈದ ಸಲ ಒದರಿದ್ರು, ಕಾಯಿ ಒಳಗ ತಗೋರಿ, ಕಾಯಿ ಒಳಗ ತಗೋರಿ ಅಂತ. ಆ ಕಡೆಯಿಂದ ಎಲ್ಲಾರೂ ಫೋನ್ ಇಡ್ರಿ ಅಂತ ನಿಮ್ಮ ಧ್ವನಿ ಕೇಳಸ್ತಂತ. ಹೊನ್ಯಾಗ ತಿಳೀತು, ಎಲ್ಲಾರ್ನೂ ಕರಕೊಂಡು ಹಿತ್ತಲಕ್ಕ ಓಡಿದ ಅಂತ ಖುಷಿ ಆಗಿ ಇಟ್ಟರು. ಹುಬ್ಬಳ್ಳಿ ತನಕಾ ಅದನ್ನ ಹೇಳಿದ್ರು. ಅವರು ಬಾಯಿಲೆ ಆಡಿದ್ದು ಅದ ಕಡೀಕ."

ಹೊರಗೆ ಯಾರೋ ಬಕೆಟ್ಟಿಗೆ ನೀರು ಬಿಡುತ್ತಿದ್ದರು. ಅಣ್ಣ ಪಾಟಿಯನ್ನು ಬೆರಳಿನಿಂದ ತಟ್ಟಿ ಮತ್ತೆ ತೋರಿಸಿದ. ಕಾಯಿ ತೊಯ್ದವೇನು?

ಮೂವತ್ತು ವರ್ಷದಲ್ಲಿ ನಾನು ಸುಳ್ಳು ಹೇಳಿಲ್ಲವೆಂದಲ್ಲ. ಆದರೆ ಅವತ್ತಿನಷ್ಟು ಮನಸ್ಸಿಟ್ಟು ಹೇಳಿದ್ದು ಇಲ್ಲ. "ಒಂದ ಕಾಯಿನೂ ತೊಯ್ಲಿಲ್ಲಣ್ಣ. ನೀ ಅಂದದ್ದ ಸ್ವಚ್ಛ ಕೇಳಸ್ತು. ಕಡೀ ಚೀಲ ಒಳಗ ಬಂತು, ಹಿಂದಿಂದ ಮಳಿ ಬಂತು."

ಅವನು ಕಣ್ಣು ಮುಚ್ಚಿ ತಲೆಯಾಡಿಸಿದ. ಆ ಮುಖದಲ್ಲಿ ಬಂದ ನೆಮ್ಮದಿಯನ್ನು ನೋಡಿ, ವ್ಯಾಪಾರ ಚೆನ್ನಾಗಿ ಆಯಿತು ಎಂದುಕೊಂಡೆ. ಆಗಲೇ ವೈನಿ ಕೈಚೀಲ ಬಿಚ್ಚಿದರು. "ಅಯ್ಯ, ಮಂಜುಳಾ ಕಾಯಿ ಕಳಿಸ್ಯಾಳ."

ಅಣ್ಣ ಕೈ ಚಾಚಿದ. ಒಂದು ಕಾಯಿ ತೆಗೆದುಕೊಂಡು ಬೆಳಕಿಗೆ ಹಿಡಿದ. ತೊಟ್ಟಿನ ಬುಡ ಕಪ್ಪಾಗಿತ್ತು, ಮೈಮೇಲೆ ಬಿಳಿ ಕಲೆ ಎದ್ದಿತ್ತು. ಮುರಿದ. ಒಣಗಿದ ಕಾಯಿಯ ಹಾಗೆ ಚಟ್ ಎನ್ನಲಿಲ್ಲ. ಹೆಬ್ಬೆರಳಿನಿಂದ ತಿಕ್ಕಿದ. ಮೆಣಸಿನಕಾಯಿ ವ್ಯಾಪಾರಿಯ ಗಂಟಲು ತೆಗೆದರೂ ಕಣ್ಣು, ಬೆರಳು ಅಲ್ಲೇ ಇರುತ್ತವೆ ಎಂಬುದು ನನಗೆ ಹೊಳೆದಿರಲಿಲ್ಲ.

ನನ್ನನ್ನೇ ನೋಡಿದ. ಪಾಟಿ ಒರೆಸಿದ. ಬಹಳ ಹೊತ್ತು ಬರೆದ.

"ಹವಾಮಾನ ಇಲಾಖಿ ಈ ಸಲ ಖರೆ ಹೇಳಿತ್ತೋ ಇಲ್ಲೋ?"

ನಾನು ತಲೆ ತಗ್ಗಿಸಿದೆ. ಮಂಚ ಅಲುಗಾಡಿದ್ದರಿಂದ ಮೇಲೆ ನೋಡಿದೆ. ಅಣ್ಣ ನಗುತ್ತಿದ್ದ. ಭುಜ ಕುಣಿಯುತ್ತಿದ್ದವು, ಕಣ್ಣಲ್ಲಿ ನೀರು ಬಂದಿತ್ತು, ಸಪ್ಪಳ ಮಾತ್ರ ಇರಲಿಲ್ಲ.

ಊರಿಗೆ ಬಂದು ಮಂಜುಳಾಳನ್ನು ಕೇಳಿದೆ, ಅಷ್ಟು ಒಳ್ಳೆಯ ಕಾಯಿ ಇರುವಾಗ ತೊಯ್ದದ್ದನ್ನೇ ಯಾಕೆ ಕಟ್ಟಿದೆ ಎಂದು. "ನೀವು ಅಲ್ಲಿ ಹೋಗಿ ಖರೆ ಹೇಳ್ತೀರಿ ಅಂತ ನಂಗೇನ ಭರೋಸಾ ಇದ್ದಿದ್ದಿಲ್ಲ" ಎಂದಳು. ಅಣ್ಣ ಫೋನಿನಲ್ಲಿ ಏನಂದನೆಂದು ಆಕೆಗೆ ಮೊದಲೇ ಗೊತ್ತಿತ್ತೋ ಏನೋ.

ಇಲಿಯಾಸ ಬಂದು ಐದು ಫೋನು ಬಿಚ್ಚಿಕೊಂಡು ಹೋದ. ಈಗ ಹದಿನಾಲ್ಕಕ್ಕೆ ಪಡಸಾಲೆಯದೊಂದೇ. ಗಂಟೆ ಓಣಿಗೆಲ್ಲ ಕೇಳುತ್ತದೆ.

ಈ ಸುಗ್ಗಿಯಲ್ಲಿ ಅದು ಐದಾರು ಸಲ ಬಾರಿಸಿತು. ಎತ್ತಿದರೆ ಯಾರೂ ಮಾತಾಡುವುದಿಲ್ಲ. ಬಳಪದಿಂದ ಫೋನಿಗೆ ಬಡಿದಂತೆ ಟಕ್ ಟಕ್ ಟಕ್ ಎನ್ನುತ್ತದೆ. ನಾನು "ಆತಣ್ಣ" ಎಂದು ಇಡುತ್ತೇನೆ.

ಮೊನ್ನೆ ಬುಧವಾರವೂ ಹಾಗೆ ಅಂತು. ಹಿತ್ತಲಿಗೆ ಹೋದೆ. ಬಿಸಿಲು ಕಣ್ಣು ಚುಚ್ಚುತ್ತಿತ್ತು. ಹದಿನೆಂಟು ಚೀಲ ಕಾಯಿ ತುಂಬಿ ಒಳಗೆ ಹಾಕಿದೆವು. ರಾಯರು ಬೆವರು ಒರೆಸಿಕೊಂಡು ನನ್ನ ಮುಖ ನೋಡಿದರು. ಮಳೆ ಬರಲಿಲ್ಲ. ಸಂಜೆ ನಾನೇ ಮುಂಡರಗಿಗೆ ಫೋನು ಹಚ್ಚಿ, ಭಾಳ ಜೋರು ಮಳಿ ಆತಣ್ಣ, ನೀ ಹೇಳಿದ್ದು ಚಲೋ ಆತು ಅಂದೆ.